ಅಕ್ಕ ಅಳಿಸದೆ ಉಳಿಸಿದ ಪಟ್ಟಿಗಳು

ನಮ್ಮ ಆಫೀಸಿನ ಕಂಪ್ಯೂಟರಿಗೆ ದೇವರ ಕೋಣೆಯ ಮರ್ಯಾದೆ ಇತ್ತು. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ಧೂಳು ತಾಗಿದರೆ ಕೆಡುತ್ತದೆ ಎಂದು ಮಾರಿದವನು ಹೆದರಿಸಿ ಹೋಗಿದ್ದ. ಮುಂಬಯಿ ಪಕ್ಕದ ಠಾಣೆಯ ಆ ಕಾರ್ಖಾನೆ ಪ್ರದೇಶದಲ್ಲಿ ಧೂಳಿಗೆ ಕೆಡದ ವಸ್ತುವನ್ನು ನಾನು ಒಂದೂ ಕಂಡಿಲ್ಲ, ನನ್ನ ತಲೆಕೂದಲೂ ಸೇರಿ. ಆದರೆ ಎಸಿ ಇದ್ದದ್ದು ಅದೊಂದೇ ಕೋಣೆಯಲ್ಲಿ, ಆದ್ದರಿಂದ ಬರಿಗಾಲಿನ ಬಗ್ಗೆ ಯಾರೂ ತಕರಾರು ಮಾಡಲಿಲ್ಲ.

ಅದು ತೊಂಬತ್ತರ ದಶಕದ ಕೊನೆಯ ಭಾಗ. ಆ ಕೋಣೆಯಲ್ಲಿ ಕುಳಿತುಕೊಳ್ಳುತ್ತಿದ್ದವರು ಇಬ್ಬರೇ, ನಾನು ಮತ್ತು ಅಕ್ಕ. ನಾನು ಡೊಂಬಿವಲಿಯವಳು, ಮನೆಯಲ್ಲಿ ತುಳು, ಮೂಗಿನ ತುದಿಯಲ್ಲಿ ಕೋಪ. ಅಕ್ಕ ನನಗಿಂತ ಹಿರಿಯಳು, ಮೂಲ ವಿಜಾಪುರದ ಕಡೆ, ಮನೆ ಕಲ್ಯಾಣದಲ್ಲಿ. ಯಜಮಾನರಿಗೆ ಗೋದಾಮಿನಲ್ಲಿ ಲೋಡಿಂಗ್ ಕೆಲಸ, ಅತ್ತೆ ಹಾಸಿಗೆ ಹಿಡಿದಿದ್ದರು, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುವ ಒಬ್ಬಳು ಮಗಳು. ಅಕ್ಕ ಆ ಆಫೀಸಿನ ಹಳೆಯ ಟೈಪಿಸ್ಟ್. ಆಕೆ ಟೈಪ್ ಮಾಡುವುದನ್ನು ಕೇಳಿದರೆ ಯಾರೋ ಅವಸರದಲ್ಲಿ ಒಗ್ಗರಣೆ ಹಾಕುತ್ತಿದ್ದಾರೆ ಅನ್ನಿಸಬೇಕು, ಅಷ್ಟು ಚುರುಕು. ಟೈಪ್‌ರೈಟರನ್ನು ಅಟ್ಟಕ್ಕೆ ಏರಿಸಿದ ಮೇಲೆ ಆಕೆಗೆ ಕಂಪ್ಯೂಟರ್ ಕಲಿಸುವ ಕೆಲಸ ನನಗೆ ಬಿತ್ತು.

ಕಲಿಯುವುದರಲ್ಲಿ ಅಕ್ಕ ನಿಧಾನ ಅಲ್ಲ. ಸ್ಪ್ರೆಡ್‌ಶೀಟಿನ ಮನೆಗಳಲ್ಲಿ ಹೆಸರು ತುಂಬಿಸುವುದು, ಅಕ್ಷರಮಾಲೆಯಂತೆ ಜೋಡಿಸುವುದು, ಗೆರೆ ಎಳೆಯುವುದು ಎಲ್ಲ ಬೇಗ ಬಂತು. ಆಕೆಯ ಮುಖ್ಯ ಕೆಲಸ ಕಂಪನಿ ಬಸ್ಸಿನ ಪಟ್ಟಿ. ಯಾವ ಪಾಳಿಗೆ ಯಾರು ಬರುತ್ತಾರೆ, ಯಾರನ್ನು ಯಾವ ನಾಕಾದಲ್ಲಿ, ಯಾವ ಕೂಡುರಸ್ತೆಯಲ್ಲಿ ಹತ್ತಿಸಿಕೊಳ್ಳಬೇಕು ಎನ್ನುವುದು ವಾರವಾರಕ್ಕೆ ಬದಲಾಗುತ್ತಿತ್ತು. ಶನಿವಾರ ಅಕ್ಕ ತಿದ್ದಿ ಇಡುವುದು, ಸೋಮವಾರ ನಸುಕಿಗೆ ಪಾಳಿಯ ಗುಮಾಸ್ತ ಪ್ರಿಂಟ್ ತೆಗೆದು ಡ್ರೈವರನ ಕೈಗೆ ಕೊಡುವುದು. ಇಷ್ಟೇ.

ಆದರೆ ಆ ಪಟ್ಟಿ ಮರಿ ಹಾಕತೊಡಗಿತು. ಬಸ್ ಎಂಬ ಫೈಲಿನ ಪಕ್ಕ ಬಸ್ ಒಂದು, ಬಸ್ ಹೊಸದು, ಬಸ್ ಹೊಸದು ಎರಡು, ಬಸ್ ಸರಿಯಾದದ್ದು. ನಾನು ಅಳಿಸಿದಷ್ಟೂ ಹುಟ್ಟುತ್ತಿದ್ದವು, ರಕ್ತಬೀಜಾಸುರನ ಸಂತತಿ. ಅಕ್ಕನನ್ನು ಕೇಳಿದರೆ "ನಾ ಒಂದss ಪಟ್ಟಿ ಮಾಡೀನಿ ತಂಗಿ" ಅನ್ನುತ್ತಿದ್ದಳು. ಅದು ಸುಳ್ಳೂ ಆಗಿರಲಿಲ್ಲ.

ಹೊರಗಿನ ಇಂಜಿನಿಯರ್ ಹುಡುಗನನ್ನು ಕರೆಸಿದೆವು. ಅವನು ಒಂದು ಫ್ಲಾಪಿ ತುರುಕಿ, ವಡಾಪಾವ್ ತಿಂದು, ಚಹಾ ಕುಡಿದು, "ವೈರಸ್" ಎಂದು ಹೇಳಿ ಹೋದ. ಆ ಕಾಲದಲ್ಲಿ ಅರ್ಥವಾಗದ ಜ್ವರಕ್ಕೆಲ್ಲ ವೈರಲ್, ಅರ್ಥವಾಗದ ಕಂಪ್ಯೂಟರಿಗೆಲ್ಲ ವೈರಸ್. ಮರುವಾರ ಫೈಲುಗಳು ಮತ್ತೆ ಹುಟ್ಟಿದವು. ನಾನೇ ಮೆನುಗಳ ಒಳಗೆಲ್ಲ ತಡಕಾಡಿದೆ. ಉಳಿಸುವ ಕಿಟಕಿಯ ಒಂದು ಮೂಲೆಯಲ್ಲಿ, ಪ್ರತಿ ಸಲವೂ ಹಿಂದಿನ ಪ್ರತಿಯೊಂದನ್ನು ಎತ್ತಿಡಲೇ ಎಂಬ ಚೌಕಕ್ಕೆ ಯಾರೋ ಗುರುತು ಹಾಕಿಟ್ಟಿದ್ದರು. ಅದನ್ನು ತೆಗೆದೆ. ಬ್ಯಾಕಪ್ ಎಂಬ ಹೆಸರು ಹೊತ್ತು ಬರುತ್ತಿದ್ದ ಒಂದು ಜಾತಿಯ ಮರಿಗಳು ನಿಂತವು. ಗೆದ್ದೆ ಎಂದು ಬೀಗಿದೆ. ಆದರೆ ಬಸ್ ಹೊಸದು, ಬಸ್ ಸರಿಯಾದದ್ದು ಇತ್ಯಾದಿಗಳು ಹುಟ್ಟುತ್ತಲೇ ಇದ್ದವು. ನನಗೆ ತಲೆ ಚಿಟ್ಟು ಹಿಡಿಯಿತು.

ಹೀಗಿರುವಾಗ ಒಂದು ಸೋಮವಾರ ಪಾಳಿಯ ಗುಮಾಸ್ತ ಹೆಸರು ನೋಡಿ ಬಸ್ ಹೊಸದು ಎಂಬುದನ್ನೇ ಪ್ರಿಂಟ್ ತೆಗೆದ. ಹೊಸದು ಎಂಬ ಹೆಸರಿನದೇ ಎಷ್ಟೋ ವಾರ ಹಳೆಯದಾಗಿತ್ತು. ಬಸ್ಸು ಕಳವಾ ನಾಕಾದಲ್ಲಿ, ರಜೆ ಹಾಕಿ ಊರಿಗೆ ಹೋದವನೊಬ್ಬನಿಗಾಗಿ ಹಾರ್ನ್ ಹೊಡೆಯುತ್ತಾ ನಿಂತಿತು. ಮುಂಬ್ರಾದಲ್ಲಿ ಕಾಯುತ್ತಿದ್ದ ವೆಲ್ಡರನನ್ನು ಬಿಟ್ಟೇ ಬಂತು. ಪಾಪ, ಆತ ಗುಡ್ಡದ ಕೆಳಗೆ ಟಿಫಿನ್ ಡಬ್ಬಿ ಹಿಡಿದು ನಿಂತೇ ಇದ್ದನಂತೆ. ಅವನಿಲ್ಲದೆ ಅವನ ಮೆಷಿನು ನಿಂತಿತು, ಅದರಿಂದಾಗಿ ಅದರ ಮುಂದಿನದೂ ನಿಂತಿತು.

ಸಾಹೇಬರು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದರು. "ಹೇ ಕಾಯ್ ಆಹೇ ಬಾಯಿ?" ಇದೇನಮ್ಮ ಇದು ಎಂದು ಮರಾಠಿಯಲ್ಲಿ ಶುರುವಾದದ್ದು, ಅಕ್ಕನನ್ನು ಒಂದನೇ ತಾರೀಖಿನಿಂದ ನವಿ ಮುಂಬಯಿಯ ಘಟಕಕ್ಕೆ ಕಳಿಸುತ್ತೇನೆ ಎನ್ನುವಲ್ಲಿಗೆ ಮುಗಿಯಿತು. ಅಲ್ಲಿ ಕಂಪ್ಯೂಟರ್ ಇಲ್ಲ, ಗೋದಾಮಿನಲ್ಲಿ ಚೀಟಿ ಬರೆದುಕೊಂಡಿರಲಿ ಎಂದರು.

ಕೇಳಿದವರಿಗೆ ಇದು ಬರಿಯ ವರ್ಗಾವಣೆ. ಆದರೆ ಆಗ ಠಾಣೆಯಿಂದ ಆ ಕಡೆಗೆ ರೈಲಿರಲಿಲ್ಲ. ಕಲ್ಯಾಣದಿಂದ ಲೋಕಲ್ಲಿನಲ್ಲಿ ಠಾಣೆ, ಅಲ್ಲಿಂದ ಬಸ್ಸಿನ ಸಾಲು, ಮತ್ತೆ ಅಲ್ಲಿ ಇಳಿದು ನಡಿಗೆ. ಹೋಗುವುದರಲ್ಲಿ ಬರುವುದರಲ್ಲಿ ದಿನ ಕಳೆದರೆ ಹಾಸಿಗೆಯಲ್ಲಿದ್ದ ಅತ್ತೆಗೆ ಸಂಜೆಯ ಗಂಜಿ ಕುಡಿಸುವವರು ಯಾರು? ಅಕ್ಕ ಜಗಳವಾಡಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿ, ಖಡಕ್ ರೊಟ್ಟಿ ಮುರಿದು ನನ್ನ ಮುಂದಿಟ್ಟು, "ನೌಕರಿ ಬಿಡೂದss ತಂಗಿ, ಮತ್ತೇನ್ ಐತಿ" ಎಂದಳು. ಆಕೆ ಇಲ್ಲದ ಆ ಕೋಣೆಯನ್ನು ನೆನೆಸಿಕೊಂಡರೆ ಎಸಿ ಇಲ್ಲದೆಯೂ ಚಳಿಯಾಗುತ್ತಿತ್ತು.

ಆ ಶನಿವಾರ ನಾನು ನನ್ನ ಕೆಲಸ ಬದಿಗಿಟ್ಟು ಆಕೆಯ ಹಿಂದೆ ಸ್ಟೂಲು ಹಾಕಿಕೊಂಡು ಕುಳಿತೆ. ಅಕ್ಕ ಪಟ್ಟಿ ತೆರೆದಳು, ತಿದ್ದಿದಳು, ಎಲ್ಲವೂ ಚೊಕ್ಕ. ಉಳಿಸುವಾಗ ಮಾತ್ರ, ನೇರವಾಗಿ ಉಳಿಸುವ ಗುಂಡಿ ಬಿಟ್ಟು, ಹೆಸರು ಕೇಳಿ ಉಳಿಸುವ ದಾರಿ ಹಿಡಿದಳು. ಅದೇ ಹೆಸರು ಬರೆದಳು. ಕಂಪ್ಯೂಟರ್ ತನ್ನ ಪದ್ಧತಿಯಂತೆ ಕೇಳಿತು: ಈ ಹೆಸರಿನ ಫೈಲು ಆಗಲೇ ಇದೆ, ಅದನ್ನು ತೆಗೆದು ಇದನ್ನು ಹಾಕಲೇ? ಅಕ್ಕ ಒಂದು ಉಸಿರು ಎಳೆದುಕೊಂಡು 'ನೋ' ಒತ್ತಿದಳು. ಆಮೇಲೆ ಹೊಸ ಹೆಸರು ಕೊಟ್ಟು ಉಳಿಸಿದಳು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆ ನಾನು.

"ಎಂತ ಮಾಡಿದ್ದು ಅಕ್ಕ ನೀವು? ಯೆಸ್ ಒತ್ಲಿಕ್ಕೆ ಎಂತ ಕಷ್ಟ?" ಎಂದು ಹಾರಿಬಿದ್ದೆ.

"ಒತ್ತಾಕ ಕೈ ಬರವಲ್ದು ತಂಗಿ. ಅದ್ರಾಗ ಇಷ್ಟ್ ಮಂದಿ ಹೆಸರ ಅದಾವು. ಎಲ್ಲಾರೂ ಹೆಂಡ್ರು ಮಕ್ಕಳ ಕಟ್ಕೊಂಡು ಬಾಳೋರು. ತೆಗದ್ ಬಿಡ್ಲೇನು ಅಂತ ಕೇಳಿದ್ರ, ಹೂಂ ತೆಗಿ ಅಂತ ನಾ ಹೆಂಗ ಅನ್ಲಿ?"

"ನೇರ ಉಳಿಸುವ ಗುಂಡಿ ಉಂಟಲ್ಲ, ಅದು ಕೇಳುವುದೇ ಇಲ್ಲ."

"ಅದು ಕೇಳದss ಮಾಡ್ತೈತಿ. ಅದು ಇನ್ನೂ ಕೆಟ್ಟದ್ದು."

ನಗು ಬಂತು, ಕೋಪವೂ ಬಂತು, ಆದರೆ ಎರಡೂ ನಿಲ್ಲಲಿಲ್ಲ. ಯಾಕೆಂದರೆ ನಾನೂ ಅದೇ ನೀರು ಕುಡಿದವಳು. ನಮ್ಮಮ್ಮ ಅಕ್ಕಿ ಮುಗಿಯಿತು ಎಂದು ಒಂದು ದಿನವೂ ಹೇಳಿದವರಲ್ಲ. ಹೊರಟವರು 'ಹೋಗ್ತೇನೆ' ಎಂದರೆ 'ಬರ್ತೇನೆ ಹೇಳು' ಎಂದು ಬಾಗಿಲಲ್ಲೇ ತಡೆಯುತ್ತಿದ್ದರು. ಅಕ್ಕನ ಮನೆಯಲ್ಲಿ ದೀಪ ಆರುವುದಿಲ್ಲ, ಶಾಂತವಾಗುತ್ತದೆ. ಟೈಪ್‌ರೈಟರಿನ ಕಾಲದಲ್ಲೂ ಜನರ ಹೆಸರಿದ್ದ ಹಳೆಯ ಹಾಳೆಗಳನ್ನು ಆಕೆ ಕಸದ ಬುಟ್ಟಿಗೆ ಹಾಕಿದವಳಲ್ಲ. ಚೀಲದಲ್ಲಿ ತುಂಬಿಕೊಂಡು ಹೋಗಿ, ರೈಲು ಖಾಡಿಯ, ಅಂದರೆ ಕಡಲ ಹಿನ್ನೀರಿನ, ಸೇತುವೆ ದಾಟುವಾಗ, ಪೂಜೆಯ ಬಾಡಿದ ಹೂವಿನ ಜೊತೆ ನೀರಿಗೆ ಬಿಡುತ್ತಿದ್ದಳು. ನಾನು ಅದನ್ನು ನೋಡಿಯೂ ನೋಡಿದವಳಲ್ಲ. ಇಂಥ ಕೈಗೆ ಎಷ್ಟು ಬೈದರೂ ಯೆಸ್ ಒತ್ತಲು ಬರುವುದಿಲ್ಲ.

ದಾರಿ ಸಿಕ್ಕಿದ್ದು ಎರಡು ದಿನ ಬಿಟ್ಟು, ಅದೂ ಲೋಕಲ್ಲಿನ ಗರ್ದಿಯಿಂದ. ಠಾಣೆ ಸ್ಟೇಷನ್ನಿನಲ್ಲಿ ಇಳಿಯುವಾಗ ಯಾರದೋ ಚೀಲದ ಕೊಕ್ಕೆಗೆ ಸಿಕ್ಕಿ ಅಕ್ಕನ ತಾಳಿಸರದ ಕೊಂಡಿ ಸಡಿಲವಾಯಿತು. ಮಾರನೆಯ ದಿನ ಕೊರಳಲ್ಲಿ ಸರದ ಬದಲು ಅರಿಶಿನದ ದಾರ. "ಮೊದಲ ದಾರ ಕಟ್ಕೊಂಡು, ಆಮ್ಯಾಲ ಸರ ಬಿಚ್ಚಿ ಅಕ್ಕಸಾಲಿಗ ಕೊಟ್ನಿ" ಎಂದಳು, ಎಲ್ಲ ಹೆಂಗಸರಿಗೂ ಗೊತ್ತಿರುವ ಸಂಗತಿಯನ್ನು ಹೇಳುವ ಹಾಗೆ. ಕೊರಳು ಒಂದು ಗಳಿಗೆಯೂ ಬರಿದಾಗಬಾರದು.

ನನ್ನ ತಲೆಯಲ್ಲಿ ದೀಪ ಹತ್ತಿತು. ಉಳಿಸುವ ಹೊತ್ತಿಗೆ ತಲೆಬುಡವಿಲ್ಲದ ಹೆಸರಿನ ಒಂದು ಫೈಲು ಹುಟ್ಟಿ ಮಾಯವಾಗುವುದನ್ನು ಆ ವಡಾಪಾವ್ ಇಂಜಿನಿಯರ್ ಒಮ್ಮೆ ವಿವರಿಸಿದ್ದ. ಕಂಪ್ಯೂಟರ್ ಹೊಸ ಪಟ್ಟಿಯನ್ನು ಮೊದಲು ಪೂರ್ತಿ ಬರೆದಿಡುತ್ತದೆ, ಅದು ಭದ್ರವಾದ ಮೇಲೆಯೇ ಹಳೆಯದನ್ನು ತೆಗೆಯುತ್ತದೆ.

"ಅಕ್ಕ, ಅದು ಮೊದಲು ಹೊಸ ದಾರ ಕಟ್ಟಿ ಆಮೇಲೆ ಹಳೆಯದು ಬಿಚ್ಚುವುದು ಮಾರಾಯ್ರೆ. ನಡುವೆ ಕೊರಳು ಬರಿದಾಗುವುದೇ ಇಲ್ಲ."

"ಖರೇನ?"

"ಖರೆ. ನಿಮ್ಮ ಆಣೆ."

"ನನ್ನ ಆಣಿ ಯಾಕ, ನಿನ್ನ ಆಣಿ ಹಾಕು" ಎಂದು ಗದರಿದಳು. ಆದರೆ ಮುಂದಿನ ಶನಿವಾರ ಬಸ್ಸಿನ ಪಟ್ಟಿಗೆ ಪ್ರಶ್ನೆ ಬಂದಾಗ, ಕೊರಳಿನ ದಾರವನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಯೆಸ್ ಒತ್ತಿಯೇ ಬಿಟ್ಟಳು. ಒತ್ತಿದವಳೇ ಪಟ್ಟಿ ಮತ್ತೆ ತೆರೆದು, ಎಲ್ಲರ ಹೆಸರೂ ಇದೆಯೇ ಎಂದು ಬೆರಳಿಟ್ಟು ಓದಿದಳು. ಎಲ್ಲರೂ ಇದ್ದರು, ಮುಂಬ್ರಾದ ವೆಲ್ಡರನೂ ಇದ್ದ.

ಹಳೆಯ ಮರಿಗಳನ್ನು ಅಳಿಸಲು ಮಾತ್ರ ಒಪ್ಪಲಿಲ್ಲ. ಕೊನೆಗೆ ರಾಜಿಯಾಯಿತು. ಎಲ್ಲವನ್ನೂ ನಾನು ಒಂದು ಫ್ಲಾಪಿಗೆ ಸಾಗಿಸಿ ಕೊಟ್ಟೆ. ಅಕ್ಕ ಅದನ್ನು ಕರವಸ್ತ್ರದಲ್ಲಿ ಸುತ್ತಿ ಚೀಲದೊಳಗೆ ಇಟ್ಟುಕೊಂಡಳು.

ತಿಂಗಳು ಮುಗಿಯುವ ದಿನ ಸಾಹೇಬರು ಬಂದರು, ಈ ಸಲ ಚಪ್ಪಲಿ ಬಿಟ್ಟು. ಬಸ್ಸು ಸರಿಯಾಗಿ ಓಡುತ್ತಿರುವುದು ಅವರಿಗೆ ಗೊತ್ತಿತ್ತು. ಆದರೆ ಕಣ್ಣಾರೆ ನೋಡದೆ ನಂಬುವ ಮನುಷ್ಯ ಅಲ್ಲ. ಕಂಪ್ಯೂಟರಿನಲ್ಲಿ ನೌಕರರ ಹೆಸರಿಗೇ ಮೀಸಲಾದ ಒಂದು ಫೋಲ್ಡರು, ಅದರಲ್ಲಿ ಎರಡು ಪಟ್ಟಿಗಳಿದ್ದವು, ಠಾಣೆಯವರದು, ನವಿ ಮುಂಬಯಿಯವರದು. ಎರಡನೆಯದರಲ್ಲಿ ಅಕ್ಕನ ಹೆಸರು ಆಗಲೇ ಸೇರಿತ್ತು. ಸಾಹೇಬರು ಹಿಂದಿಯಲ್ಲಿ ಹೇಳಿದ್ದು ಇಷ್ಟು: ನಿನ್ನ ಹೆಸರು ಅಲ್ಲಿಂದ ತೆಗೆ, ಇಲ್ಲಿಗೆ ಹಾಕು. ಕೊನೆಗೆ ಎರಡೇ ಫೈಲು ಇರಬೇಕು. ಮೂರನೆಯದು ಕಂಡರೆ ನೀನು ನಾಳೆ ಆ ಕಡೆಯ ಬಸ್ಸು ಹತ್ತು.

ನಾನು ಸ್ಟೂಲನ್ನು ಅಕ್ಕನ ಪಕ್ಕಕ್ಕೆ ಎಳೆದುಕೊಂಡೆ. ಬೇರೆಯವರ ಹೆಸರಿಗೇ ಅಷ್ಟು ಹಿಂಜರಿದವಳು. ಈಗ ತನ್ನ ಹೆಸರನ್ನು ತಾನೇ ಅಳಿಸಬೇಕು. ಬಾಯಿಬಿಟ್ಟು ಹೇಳಿಕೊಡಲು ಸಾಹೇಬರು ಬಿಡುವುದಿಲ್ಲ.

ಅಕ್ಕ ಬಹಳ ಹೊತ್ತು ಪರದೆ ನೋಡಿದಳು. ಮೇಜಿನ ಕೆಳಗೆ ಆಕೆಯ ಬರಿಗಾಲು ನನ್ನ ಬರಿಗಾಲಿನ ಮೇಲೆ ಬಂದು ಕೂತಿತು. ಗೊತ್ತಾಗದೆ ತುಳಿದದ್ದೋ ಧೈರ್ಯಕ್ಕೆ ಹಿಡಿದದ್ದೋ, ಇಡೀ ಭಾರ ಅಲ್ಲೇ. ಆಕೆಯ ಕಾಲುಂಗುರ ಚುಚ್ಚಿ ಪ್ರಾಣ ಹೋಗುತ್ತಿತ್ತು. ನಾನು ಅಲುಗಲಿಲ್ಲ.

ಸಾಹೇಬರು ಮೊದಲು ಹೇಳಿದ್ದು ತೆಗೆಯುವುದನ್ನು. ಅಕ್ಕ ನವಿ ಮುಂಬಯಿಯ ಪಟ್ಟಿಯನ್ನು ಮುಟ್ಟಲಿಲ್ಲ. ಠಾಣೆಯ ಪಟ್ಟಿ ತೆರೆದಳು. ಕೆಳಗಿನ ಖಾಲಿ ಮನೆಯಲ್ಲಿ ತನ್ನ ಹೆಸರು ಬರೆದಳು. ಉಳಿಸುವಾಗ ಪ್ರಶ್ನೆ ಬಂತು, ಯೆಸ್ ಒತ್ತಿದಳು. ಮುಚ್ಚಿ ಮತ್ತೆ ತೆರೆದು, ಹೆಸರು ಅಲ್ಲೇ ಇರುವುದನ್ನು ನೋಡಿಕೊಂಡಳು. ಆಮೇಲೆಯೇ ಇನ್ನೊಂದು ಪಟ್ಟಿಗೆ ಹೋಗಿ ತನ್ನ ಹೆಸರು ತೆಗೆದಳು. ಮತ್ತೆ ಪ್ರಶ್ನೆ ಬಂತು. ಕೊರಳಿಗೆ ಕೈ ಹೋಯಿತು, ಯೆಸ್.

ಸಾಹೇಬರು ಬಗ್ಗಿ ಫೈಲುಗಳನ್ನು ನೋಡಿದರು. ಎರಡೇ ಇದ್ದವು. "ಬರಂ" ಎಂದು ಒಪ್ಪಿ ಹೊರಗೆ ಹೋಗಿ ಚಪ್ಪಲಿ ಹುಡುಕಿದರು. ನಾನು ಅಕ್ಕನ ಭುಜಕ್ಕೆ ಮುಖ ಒತ್ತಿ ಅತ್ತೆ. ಆಕೆ ಅಳಲಿಲ್ಲ, ನನಗೆ ಮೂಗು ಒರೆಸಿಕೊಳ್ಳಲು ಹೇಳಿದಳು.

ಸಂಜೆ ಇಬ್ಬರೂ ಕಲ್ಯಾಣ ಲೋಕಲ್ಲಿನ ಹೆಂಗಸರ ಡಬ್ಬಿ ಹತ್ತಿದೆವು. ಠಾಣೆ ಬಿಟ್ಟು ಕಳವಾ ಮುಟ್ಟುವ ಮೊದಲು ಖಾಡಿ ಬಂತು. ಅಕ್ಕ ಬಾಗಿಲ ಹತ್ತಿರ ನಿಂತು, ಕರವಸ್ತ್ರ ಬಿಚ್ಚಿ, ಫ್ಲಾಪಿಯ ಮೇಲೆ ಎರಡು ಬಾಡಿದ ಸೇವಂತಿಗೆ ಇಟ್ಟು ನೀರಿಗೆ ಬಿಟ್ಟು ಕೈಮುಗಿದಳು. ಪಕ್ಕದ ಹೆಂಗಸರು ಯಾವ ದೇವರೋ ಎಂದುಕೊಂಡು ತಾವೂ ಮುಗಿದರು. ಈಗ ಹೀಗೆ ಮಾಡಿದರೆ ನೀರು ಕೆಡಿಸಿದಿರಿ ಎಂದು ಬೈಯುತ್ತಾರೆ, ಬೈಯಬೇಕಾದದ್ದೇ.

ಮುಂಬ್ರಾ ದಾಟಿದ ಮೇಲೆ ಕುಳಿತುಕೊಳ್ಳಲು ಜಾಗ ಸಿಕ್ಕಿತು. ಅಕ್ಕ ಕೇಳಿದಳು:

"ತಂಗಿ, ಒಂದ್ ಗಳಿಗಿ ನನ್ನ ಹೆಸರ ಎರಡೂ ಕಡೆ ಇತ್ತಲ್ಲ. ಆವಾಗ ನಾ ಎಲ್ಲಿದ್ನಿ?"

"ಎಲ್ಲಿ ಅಂದ್ರೆ? ನನ್ನ ಕಾಲಿನ ಮೇಲೆ" ಎಂದು ಪಾದ ಎತ್ತಿ ತೋರಿಸಿದೆ. ಕಾಲುಂಗುರದ ಗುರುತು ಇನ್ನೂ ಕೆಂಪಾಗಿ ಹಾಗೇ ಇತ್ತು. ಅಕ್ಕ ಅದನ್ನು ನೋಡಿದಳು, ನನ್ನ ಪಾದವನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಡೊಂಬಿವಲಿ ಬರುವವರೆಗೆ ಆ ಗುರುತನ್ನು ಹೆಬ್ಬೆರಳಿನಿಂದ ತಿಕ್ಕುತ್ತಾ ಆಕೆ ಅತ್ತಳು.