ಭಟ್ಕಳದವರೆಗೂ ತುಳಿದೇ ಬರ್ತೀನಿ

ಮೊನ್ನೆ ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಪಕ್ಕದಲ್ಲೊಬ್ಬಾಕೆ ಒಣಮೀನಿನ ಚೀಲ ಇಳಿಸಿದಳು. ಸುತ್ತಲಿದ್ದವರು ಮೂಗು ಮುಚ್ಚಿಕೊಂಡು ದೂರ ಸರಿದರು. ನಾನು ಸರಿಯಲಿಲ್ಲ. ಆ ವಾಸನೆಯ ಜೊತೆ ಕುಂದಾಪುರದಾಚೆಯ ರಸ್ತೆ ಬಂತು, ರಸ್ತೆ ಬದಿ ಮರಳಿನಲ್ಲಿ ಹರವಿದ್ದ ಮೀನು ಬಂತು, ನನಗಿಂತ ಮುಂದೆ ಸೈಕಲ್ ತುಳಿಯುತ್ತಿದ್ದ ಮೇಲಿನ ಮನೆ ಆಂಟಿ ಬಂದರು… ಹಿಂದೆಯೇ ಸಿಟ್ಟೂ ಬಂತು. ನಲವತ್ತು ವರ್ಷ ಹಳೆಯ ಸಿಟ್ಟು. ಇನ್ನೂ ಬಿಸಿಯಾಗಿಯೇ ಇದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಗಂಗಾನಗರದಲ್ಲಿ ನಮ್ಮದು ಕೆಳಗಿನ ಮನೆ, ಅವರದು ಮೇಲಿನದು. ಆಂಟಿಯ ಮನೆಯಲ್ಲಿ ಆಫೀಸಿಗೆ ಹೋಗುವ ಗಂಡ, ಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳು, ಕಲ್ಲುಗುಂಡಿನಂಥ ಅತ್ತೆ. ನಮ್ಮ ಕಾಲೇಜಿನ ಹುಡುಗಿಯರು ಡಿಸೆಂಬರಿನಲ್ಲಿ ಮಂಗಳೂರಿನಿಂದ ಕಾರವಾರಕ್ಕೆ ಕಡಲ ದಂಡೆಯುದ್ದಕ್ಕೂ ಸೈಕಲ್ ಪ್ರವಾಸ ಹೊರಟಿದ್ದರು. ಗೊತ್ತಿರುವ ದೊಡ್ಡ ಹೆಂಗಸು ಜೊತೆಗಿದ್ದರೆ ಮಾತ್ರ ಕಳಿಸುತ್ತೇನೆ ಎಂದು ಅಪ್ಪ ಹಟ ಹಿಡಿದರು. ಅಂಥವರು ಸಿಗುವುದಿಲ್ಲ ಎಂಬ ಧೈರ್ಯ ಅವರಿಗೆ. ಬಟ್ಟೆ ಒಣಹಾಕಲು ಬಂದಿದ್ದ ಆಂಟಿ ಮೆಟ್ಟಿಲ ಮೇಲಿಂದಲೇ, "ನಾನ್ ಹೋಗ್ತೀನಿ ಕಣ್ರೀ" ಅಂದರು. ಅಮ್ಮ ನಕ್ಕುಬಿಟ್ಟಳು. ಆಂಟಿ ನಗಲಿಲ್ಲ.

ಯಲಹಂಕದಲ್ಲಿ ಅಣ್ಣನ ಸೈಕಲ್ಲಿನ ಬಾರಿನಡಿ ಕಾಲು ತೂರಿಸಿ ಕಲಿತವರು ಅವರು. ಮದುವೆಯಾದ ಮೇಲೆ ಮುಟ್ಟಿರಲಿಲ್ಲ. ಆದರೂ ಬಾಡಿಗೆ ಸೈಕಲ್ ಹತ್ತಿ, ದ್ರಾಕ್ಷಿ ತೋಟಗಳ ಪಕ್ಕದಲ್ಲಿ ಹೆಬ್ಬಾಳದ ಕೆರೆಯವರೆಗೆ ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಗಂಡನನ್ನು ಹೇಗೆ ಒಪ್ಪಿಸಿದರೋ, ಕೇಳಿದರೆ ಹೇಳಲಿಲ್ಲ. ಪ್ರವಾಸಕ್ಕೆಂದು ತಾವೇ ಒಂದು ಚೂಡಿದಾರ್ ಹೊಲಿದುಕೊಂಡರು. ಅದನ್ನು ತೊಟ್ಟದ್ದು ಮಂಗಳೂರು ಮುಟ್ಟಿದ ಮೇಲೆ.

ಕುಂದಾಪುರದಿಂದ ಹೊರಟ ದಿನದ್ದೇ ನಾನು ಹೇಳಬೇಕಾದ ಕತೆ. ಮರವಂತೆಯಲ್ಲಿ ಆಂಟಿ ಇಳಿದು, ಸೈಕಲ್ಲನ್ನು ಸೊಂಟಕ್ಕೆ ಆನಿಸಿಕೊಂಡು ಸುಮ್ಮನೆ ನಿಂತರು. "ಎಡಗಡೆ ಸಮುದ್ರ, ಬಲಗಡೆ ಹೊಳೆ, ಮಧ್ಯ ನಾನು. ಯಾರಿಗ್ ಹೇಳಿದ್ರೆ ನಂಬ್ತಾರೆ ಹೇಳು" ಅಂದರು. ಬಿಸಿಲಿಗೆ ಕೆಂಪೇರಿದ ಮುಖ, ಬೆವರಿಗೆ ಹರಡಿದ ಕುಂಕುಮ. ಅವರು ಅಷ್ಟು ಚೆನ್ನಾಗಿ ಕಂಡದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಮೇಲೂ ನೋಡಲಿಲ್ಲ.

ಬೈಂದೂರಿನಲ್ಲಿ ಚಹಾ ಕುಡಿಯಲು ನಿಂತೆವು. ಹೋಟೆಲಿನ ಬೆಂಚಿನ ಮೇಲೆ ಅವರ ಗಂಡ ಕೂತಿದ್ದರು. ರಾತ್ರಿ ಬಸ್ಸಿಗೆ ಕುಂದಾಪುರಕ್ಕೆ ಬಂದಿಳಿದು, ನಾವು ಹೊರಟಾಗಿದೆ ಎಂದು ತಿಳಿದು, ಇನ್ನೊಂದು ಬಸ್ಸಿನಲ್ಲಿ ನಮ್ಮನ್ನು ದಾಟಿ ಬಂದು ಕಾಯುತ್ತಿದ್ದರು. ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿದ ಆ ಮನುಷ್ಯನ ಬಾಯಿಂದ ಬಂದ ಮೊದಲ ಮಾತು, "ಏನಿದು ವೇಷ?"

"ಮಕ್ಳು ಹೇಗಿದಾರೆ? ಯಾಕ್ ಬಂದ್ರಿ?"

"ಅಮ್ಮಂಗೆ ಹುಷಾರಿಲ್ಲ. ಹೊರಡು."

"ಏನಾಗಿದೆ?"

"ಎದೆನೋವು."

"ಡಾಕ್ಟರ್ ಏನಂದ್ರು?"

"ಮೊದ್ಲು ನೀನು ಹೊರಡು."

"ಎದೆನೋವಿರೋ ತಾಯಿನ ಬಿಟ್ಟು ನೀವು ಇಷ್ಟು ದೂರ ಬಂದ್ರಾ?"

ಹುಡುಗಿಯರೆಲ್ಲ ನೆಲ ನೋಡುತ್ತಿದ್ದರು. ನಮ್ಮನ್ನು ಕರೆದುಕೊಂಡು ಬಂದಿದ್ದ ಪಿ.ಟಿ. ಮೇಡಂ, ಹೆಣ್ಣುಮಕ್ಕಳು ಯಾವುದಕ್ಕೂ ಕಮ್ಮಿಯಿಲ್ಲ ಎಂದು ಮಂಗಳೂರಿನಲ್ಲಿ ಭಾಷಣ ಮಾಡಿದ್ದವರು, ಮೆಲ್ಲಗೆ ಅಂದರು: "ನೋಡೀಮ್ಮಾ, ಇದು ನಿಮ್ಮ ಮನೆ ವಿಷಯ. ನೀವು ಹೋಗೋದೇ ಒಳ್ಳೇದು."

ಆಂಟಿ ಚಹಾ ಮುಗಿಸಿ ಲೋಟ ಕೆಳಗಿಟ್ಟರು. "ಬೆಂಗಳೂರಿನ ಬಸ್ಸು ಭಟ್ಕಳದಿಂದ ಸಂಜೆಗೆ ತಾನೆ? ಅಲ್ಲೀವರೆಗೂ ತುಳಿದೇ ಬರ್ತೀನಿ. ನೀವು ಬಸ್ಸಲ್ಲಿ ಬನ್ನಿ" ಎಂದು ಸೈಕಲ್ ಹತ್ತಿಬಿಟ್ಟರು.

ಬೈಂದೂರು ದಾಟಿದರೆ ಒತ್ತಿನೆಣೆಯ ಏರು. ನಾವೆಲ್ಲ ಇಳಿದು ತಳ್ಳಿದೆವು. ಆಂಟಿ ಇಳಿಯಲಿಲ್ಲ. ಹಲ್ಲು ಕಚ್ಚಿ, ಹಾವಿನ ಹಾಗೆ ಆಚೆ ಈಚೆ ಹರಿಯುತ್ತಾ ತುಳಿದರು. ಅರ್ಧ ಏರಿನಲ್ಲಿ ಬಸ್ಸೊಂದು ಹಾರ್ನ್ ಹೊಡೆಯುತ್ತಾ ಪಕ್ಕದಲ್ಲೇ ಹೋಯಿತು. ಕಿಟಕಿಯಲ್ಲಿ ಅವರ ಗಂಡನ ಮುಖವಿತ್ತು. ಆಂಟಿ ತಲೆ ಎತ್ತಲಿಲ್ಲ. ನಾನು ಏದುಸಿರು ಬಿಡುತ್ತಾ ಮೇಲೆ ತಲುಪಿದಾಗ ಅವರು ಕಡಲಿಗೆ ಬೆನ್ನು ಹಾಕಿ ರಸ್ತೆ ಬದಿ ಕೂತಿದ್ದರು.

"ಸುಳ್ಳು ಹೇಳ್ತಿದಾರೆ ಕಣೇ. ಸುಳ್ಳು ಅಂತ ನಂಗ್ ಗೊತ್ತು" ಅಂದರು. ಕೈಯಲ್ಲೇ ಮುಖದ ಬೆವರು ಒರೆಸಿಕೊಂಡು, "ಆದ್ರೆ ನಿಜ ಆಗಿಬಿಟ್ಟಿದ್ರೆ?" ಅಂದರು.

ಅದೇ ನೋಡಿ. ಆ 'ಆದ್ರೆ' ಅವರ ಬಾಯಲ್ಲಿ ಬಂದೇ ಬರುತ್ತದೆ ಎಂದು ಆ ಮನುಷ್ಯನಿಗೆ ಗೊತ್ತಿತ್ತು. ಅಷ್ಟನ್ನೇ ನಂಬಿಕೊಂಡು ಬೆಂಗಳೂರಿನಿಂದ ಬಸ್ಸು ಹತ್ತಿದ್ದರು.

ಭಟ್ಕಳದಲ್ಲಿ ಆಂಟಿಯ ಸೈಕಲ್ ಬಸ್ಸಿನ ಟಾಪಿಗೆ ಏರಿತು. ಅಂಕಲ್ ನನ್ನ ಸೈಕಲ್ಲಿಗೂ ಕೈ ಹಾಕಿದರು. ಗೊತ್ತಿರುವ ದೊಡ್ಡವರಿಲ್ಲದೆ ನಾನು ಇರುವಂತಿಲ್ಲವಲ್ಲ. ಆಂಟಿ ಆ ಕೈ ಹಿಡಿದು ಬದಿಗೆ ಸರಿಸಿದರು. "ಇವ್ಳು ಬರಲ್ಲ. ಅವರಪ್ಪಂಗೆ ನಾನ್ ಹೇಳ್ಕೋತೀನಿ." ನನ್ನ ಕಡೆ ತಿರುಗಿ, "ಕಾರವಾರ ಮುಟ್ಟದೆ ಬಂದ್ರೆ ನಿನ್ನ ಮಾತಾಡ್ಸಲ್ಲ" ಅಂದರು.

ಮುಟ್ಟಿ ಬಂದೆ. ಮನೆಗೆ ಬಂದಾಗ ಅವರತ್ತೆ ಮೆಟ್ಟಿಲ ಮೇಲೆ ಕೂತು ಅವರೇಕಾಯಿ ಸುಲಿಯುತ್ತಿದ್ದರು. ಹುಷಾರಾದಿರಾ ಅಜ್ಜಿ ಎಂದು ಕೇಳಿದೆ. "ನಂಗೇನಾಗಿತ್ತು? ನನ್ ತಂಗಿ ಮನೆಯೋರು ಬಂದಿದ್ರು. ಬೇಯ್ಸಿ ಹಾಕೋರು ಬೇಡ್ವಾ? ಕರೆಸ್ಕೊಂಡ್ವಿ" ಅಂದರು. ಕಾಳಿನ ಮೇಲಿಂದ ಕಣ್ಣನ್ನೂ ಎತ್ತಲಿಲ್ಲ.

ಆಂಟಿ ಕೂಗಾಡಲಿಲ್ಲ. ಗಂಡನ ಜೊತೆ ಮಾತು ನಿಲ್ಲಿಸಿಬಿಟ್ಟರು, ಅಷ್ಟೇ. "ನಿಮ್ಮಪ್ಪಂಗೆ ಹೇಳು, ಅನ್ನ ಆರ್ತಿದೆ" ಎಂದು ಮಕ್ಕಳ ಕೈಲಿ ಹೇಳಿಸುವುದು. ಮಕ್ಕಳು ದೊಡ್ಡವರಾದ ಮೇಲೂ ಹಾಗೆಯೇ ಇತ್ತು. ಅಂಕಲ್‌ಗೆ ಅದರಿಂದ ಊಟಕ್ಕೆ, ಇಸ್ತ್ರಿಗೆ ಏನೂ ಕೊರತೆಯಾಗಲಿಲ್ಲವಾದ್ದರಿಂದ ಅವರು ಅದನ್ನು ಗಮನಿಸಿದರೋ ಇಲ್ಲವೋ… ನನಗೆ ಇವತ್ತಿಗೂ ಅನುಮಾನ. ಮದುವೆಯಾಗಿ ಬಾಗಲಗುಂಟೆಗೆ ಹೋಗುವ ಮುಂಚೆ ಒಮ್ಮೆ ಕೇಳಿದ್ದೆ, ಇನ್ನೊಂದ್ಸಲ ಹೋಗೋಣ್ವಾ ಆಂಟಿ ಎಂದು. "ಈ ಸಲ ಯಾರಿಗೆ ಎದೆನೋವು ಬರ್ಸ್ತಾರೋ" ಅಂದರು.

ಹೋದ ವರ್ಷ ಆಂಟಿ ತೀರಿಕೊಂಡರು. ವೈಕುಂಠ ಸಮಾರಾಧನೆಗೆ ಹೋಗಿದ್ದೆ. ಫೋಟೋ ಪಕ್ಕ ಕುರ್ಚಿಯಲ್ಲಿ ಕೂತ ಅಂಕಲ್ ಬಂದವರಿಗೆಲ್ಲ ಹೇಳುತ್ತಿದ್ದರು: "ನಮ್ಮಮ್ಮಂಗೆ ಹುಷಾರಿಲ್ಲ ಅಂದ ತಕ್ಷಣ ಟೂರ್ ಅರ್ಧಕ್ಕೇ ಬಿಟ್ಟು ಓಡಿ ಬಂದೋಳು. ಅಂಥಾ ಸೊಸೆ ಈಗೆಲ್ ಸಿಗ್ತಾರೆ?" ಜನ ಲೊಚಗುಟ್ಟಿದರು.

"ಓಡಿ ಬರ್ಲಿಲ್ಲ ಅಂಕಲ್. ನೀವು ಎಳ್ಕೊಂಡ್ ಬಂದ್ರಿ. ನಿಮ್ಮಮ್ಮಂಗೆ ಏನೂ ಆಗಿರ್ಲಿಲ್ಲ" ಅಂದೆ.

ಆ ಕಣ್ಣುಗಳಲ್ಲಿ ನಾಚಿಕೆಯನ್ನು ಹುಡುಕಿದೆ. ಇರಲಿಲ್ಲ. ತಾವು ಹೇಳಿದ ಸುಳ್ಳನ್ನು ತಾವೇ ನಂಬಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಯಾರೋ ನನ್ನ ಭುಜ ಮುಟ್ಟಿ, "ಇವತ್ತು ಬೇಡ ಬಿಡಮ್ಮಾ" ಅಂದರು.

"ಮತ್ತೆ ಯಾವತ್ತು?" ಎಂದು ಕೇಳಿ, ಊಟಕ್ಕೆ ಕೂರದೆ ಎದ್ದು ಬಂದೆ.

ಆಟೋ ಹತ್ತಿ ಕೂತೆ. ಏನೇನು ಅಂದೆ, ಅಂಕಲ್ ಮುಖ ಹೇಗಿತ್ತು, ಎಲ್ಲವನ್ನೂ ಕೂಡಲೇ ಒಬ್ಬರಿಗೆ ಹೇಳಬೇಕಾಗಿತ್ತು. ಆಂಟಿಯೇ ಇರಲಿಲ್ಲ.