ಜ್ವರ ಬಿಟ್ಟ ದಿನ

ವೇಣೂರಿನ ಸಣ್ಣ ಲ್ಯಾಬೊಂದರಲ್ಲಿ ರಕ್ತ ಪರೀಕ್ಷಿಸುವುದು ನನ್ನ ಕೆಲಸ. ಆ ಮಳೆಗಾಲದಲ್ಲಿ ಬಾಗಿಲು ತೆರೆಯುವ ಮೊದಲೇ ಜನ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಎಲ್ಲರದೂ ಒಂದೇ ಪ್ರಶ್ನೆ: "ಪ್ಲೇಟ್‌ಲೆಟ್ ಎಷ್ಟುಂಟು?"

ಸಿದ್ಧಕಟ್ಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದ ನನ್ನ ಅಕ್ಕನಿಗೂ ಜ್ವರ ಬಂತು. ಎರಡನೆಯ ದಿನ ನಾನೇ ರಕ್ತ ತೆಗೆದು ನೋಡಿದೆ. ಡೆಂಗಿ ಹೌದು, ಆದರೆ ಪ್ಲೇಟ್‌ಲೆಟ್ ಚೆನ್ನಾಗಿತ್ತು. "ಹೆದರಬೇಡ, ಜ್ವರ ಬಿಟ್ಟರೆ ಮುಗೀತು" ಎಂದೆ.

ಐದನೆಯ ದಿನ ಬೆಳಿಗ್ಗೆ ಜ್ವರ ಬಿಟ್ಟಿತ್ತು. ಕೆಲಸಕ್ಕೆ ಹೋಗುವ ದಾರಿಯಲ್ಲಿ ಅವಳ ಮನೆಗೆ ಹೊಕ್ಕರೆ, ಅಕ್ಕ ಎದ್ದು ಕೂತು ಯಾರದೋ ಮದುವೆಯ ರವಿಕೆಗೆ ಹುಕ್ಕು ಹೊಲಿಯುತ್ತಿದ್ದಳು. ಭಾವನ ಮುಖದಲ್ಲಿ ಗೆಲುವಿತ್ತು.

"ಗಂಜಿ ಸೇರ್ತದಾ?" ಎಂದು ಕೇಳಿದೆ.

"ಇಲ್ಲ ಮಾರಾಯ್ತಿ. ಬೆಳಿಗ್ಗೆಯಿಂದ ಮೂರು ಸಲ ವಾಂತಿ ಆಯ್ತು. ಬಂಜಿಯಲ್ಲಿ ಇಲ್ಲಿ ಬೇನೆ." ಹೊಟ್ಟೆಯ ಬಲಗಡೆ, ಪಕ್ಕೆಲುಬಿನ ಕೆಳಗೆ ಕೈಯಿಟ್ಟಳು.

ನನಗೆ ಸರಿ ಕಾಣಲಿಲ್ಲ. ಇನ್ನೊಮ್ಮೆ ರಕ್ತ ತೆಗೆದುಕೊಂಡು ಬಸ್ಸು ಹತ್ತಿದೆ.

ಪ್ಲೇಟ್‌ಲೆಟ್ ಇಳಿದಿತ್ತು. ಅದು ನಿರೀಕ್ಷಿಸಿದ್ದೇ. ನನ್ನ ಕಣ್ಣು ಸಿಕ್ಕಿಹಾಕಿಕೊಂಡದ್ದು ಇನ್ನೊಂದು ಸಾಲಿನಲ್ಲಿ. ರಕ್ತದಲ್ಲಿ ಕೆಂಪುಕಣಗಳ ಪಾಲೆಷ್ಟು ಎಂದು ಹೇಳುವ ಪಿಸಿವಿ ಮೂವತ್ತಾರರಿಂದ ನಲವತ್ತಾರಕ್ಕೆ ಏರಿತ್ತು. ಯಂತ್ರದ ತಪ್ಪಿರಬೇಕೆಂದು ಮತ್ತೆ ಹಾಕಿದೆ. ಅದೇ. ಆಗಲೂ ನಂಬದೆ, ಸಪೂರ ಗಾಜಿನ ಕೊಳವೆಯಲ್ಲಿ ರಕ್ತ ತುಂಬಿ, ಇನ್ನೊಂದು ಯಂತ್ರದಲ್ಲಿ ಗರಗರ ತಿರುಗಿಸಿ ಕಣ್ಣಾರೆ ನೋಡಿದೆ. ಕೆಂಪು ಅರ್ಧದ ಹತ್ತಿರ ನಿಂತಿತ್ತು. ಮೇಲಿನ ಹಳದಿ ನೀರು ಕಡಿಮೆಯಾಗಿತ್ತು. ಮೂರು ದಿನದಲ್ಲಿ ಕೆಂಪುಕಣ ಅಷ್ಟು ಹುಟ್ಟುವುದಿಲ್ಲ. ನೀರೇ ರಕ್ತನಾಳ ಬಿಟ್ಟು ಹೊರಗೆ ಹೋಗಿತ್ತು.

ಭಾವನಿಗೆ ಫೋನ್ ಮಾಡಿದೆ.

"ಪ್ಲೇಟ್‌ಲೆಟ್ ಎಷ್ಟು?"

"ಅದು ಬಿಡಿ. ರಕ್ತ ದಪ್ಪ ಆಗಿದೆ. ಈಗಲೇ ಮೂಡುಬಿದಿರೆ ಆಸ್ಪತ್ರೆಗೆ ಕರ್ಕೊಂಡು ಹೋಗಿ."

"ಜ್ವರ ಬಿಟ್ಟಿದೆಯಲ್ಲ? ಪಪ್ಪಾಯಿ ಎಲೆಯ ರಸ ಕೊಟ್ಟಿದ್ದೇನೆ. ಸಂಜೆವರೆಗೆ ನೋಡುವ."

"ಅವಳ ಕೈ ಮುಟ್ಟಿ ನೋಡಿ."

ಅವರು ಅಕ್ಕನ ಹತ್ತಿರ ನಡೆದು ಹೋಗುವುದು ಕೇಳಿಸಿತು. ಆಮೇಲೆ ಅವರ ಧ್ವನಿಯೇ ಬೇರೆಯಾಗಿತ್ತು. "ತಣ್ಣಗೆ ಉಂಟು. ಬೆವರ್ತಾ ಇದ್ದಾಳೆ."

ನಾನು ಆಸ್ಪತ್ರೆ ಮುಟ್ಟುವಾಗ ಅಕ್ಕನ ಎರಡೂ ಕೈಗೆ ಸೂಜಿ ಹಾಕಿದ್ದರು. ತುಟಿ ಬಿಳಿಚಿತ್ತು, ನಾಡಿ ಬೆರಳಿಗೆ ಸಿಕ್ಕಿಯೂ ಸಿಗದ ಹಾಗಿತ್ತು. ಡಾಕ್ಟರಮ್ಮ ನಮ್ಮಿಬ್ಬರನ್ನು ಬದಿಗೆ ಕರೆದರು.

"ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಇದರಲ್ಲಿ ಅಪಾಯ. ರಕ್ತನಾಳದ ಒಳಪದರ ಸಡಿಲ ಆಗಿ, ರಕ್ತದ ನೀರು ಹೊಟ್ಟೆಗೆ, ಶ್ವಾಸಕೋಶದ ಸುತ್ತ ಸೋರ್ತದೆ. ಇವರಿಗೆ ಎರಡೂ ಕಡೆ ನೀರು ಉಂಟು. ನಾಳದೊಳಗೆ ಉಳಿದದ್ದು ಸಾಲದೆ ಬಿಪಿ ಬೀಳ್ತಾ ಉಂಟು."

"ಹಾಗಾದರೆ ಗ್ಲೂಕೋಸ್ ಬಾಟ್ಲಿ ಬೇಗ ಬೇಗ ಹಾಕಿ ಡಾಕ್ಟ್ರೇ" ಎಂದರು ಭಾವ.

"ಸೋರಿಕೆ ನಿಂತ ಮೇಲೆ ಹೊರಗಿನ ನೀರೆಲ್ಲ ನಾಳಕ್ಕೆ ವಾಪಸ್ ಬರ್ತದೆ. ಈಗ ಹೆಚ್ಚು ಕೊಟ್ಟರೆ ಆಗ ಉಸಿರು ಕಟ್ತದೆ. ಕಡಿಮೆ ಆದರೆ ಈಗಲೇ ಕಷ್ಟ. ಅಳೆದೇ ಕೊಡಬೇಕು."

ಅಲ್ಲಿಂದ ನಾವು ಪಿಸಿವಿಯ ಹಿಂದೆ ಬಿದ್ದೆವು. ಮೊದಲ ವರದಿ ನಲವತ್ತೆಂಟು. ಎರಡನೆಯದೂ ಅಷ್ಟೇ. ನರ್ಸ್ ಬಂದು ಸಲೈನಿನ ವೇಗ ಹೆಚ್ಚಿಸಿದಳು, ಮತ್ತೆ ತಗ್ಗಿಸಿದಳು. ಮೂತ್ರದ ಚೀಲ ಖಾಲಿಯಾಗಿಯೇ ಇತ್ತು. ಭಾವ ಪ್ರತಿ ಸಲವೂ ನನ್ನ ಮುಖ ನೋಡುತ್ತಿದ್ದರು. ನಾನು ಬೇಕೆಂದೇ ಚೀಟಿ ಓದುತ್ತಿದ್ದೆ.

ಅಕ್ಕ ಕಣ್ಣು ಬಿಟ್ಟು, "ಜ್ವರ ಬಿಟ್ಟರೆ ಮುಗೀತು ಅಂದಿದ್ದೆಯಲ್ಲ?" ಎಂದು ಕೇಳಿದಳು. ದೂರಿನ ಧ್ವನಿ ಅಲ್ಲ, ನಿಜಕ್ಕೂ ತಿಳಿಯದೆ ಕೇಳಿದ್ದು. ಅವಳ ಪಾದಕ್ಕೆ ಕಂಬಳಿ ಎಳೆದೆ.

ಮರುದಿನ ಮಧ್ಯಾಹ್ನದ ವರದಿ ನಲವತ್ತೆರಡು. ಚೀಲದಲ್ಲಿ ಮೂತ್ರ ತುಂಬತೊಡಗಿತ್ತು. ಡಾಕ್ಟರಮ್ಮ ಹೊಟ್ಟೆ ಮುಟ್ಟಿ, ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. "ಸೋರಿಕೆ ನಿಂತಿದೆ, ಸಲೈನ್ ನಿಲ್ಲಿಸುವ" ಎಂದರು. ಭಾವ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತರು.

ಮೂರು ದಿನ ಬಿಟ್ಟು ಅಕ್ಕನನ್ನು ಮನೆಗೆ ಕಳುಹಿಸಿದರು. ಹೊಲಿಗೆ ಯಂತ್ರ ತುಳಿಯುವಷ್ಟು ಕಾಲಿಗೆ ಬಲ ಬರಲು ಒಂದು ತಿಂಗಳೇ ಹಿಡಿಯಿತು.