ಸನ್ಮಾನಿತರ ಪರವಾಗಿ ಎರಡು ಮಾತು

ಇವತ್ತು ಬೆಳಿಗ್ಗೆ ಬೀರು ತೆಗೆದರೆ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಒಳಗಿರುವುದು ನೈರೋಬಿಯ ನಮ್ಮ ಪುಟ್ಟ ಕನ್ನಡ ಕೂಟದ ಸನ್ಮಾನದ ಶಾಲುಗಳು. ಹೈರಿಡ್ಜಿನ ನಮ್ಮ ಮನೆಯ ಬೀರು ದೊಡ್ಡದು ಎಂಬ ಒಂದೇ ಅರ್ಹತೆಯ ಮೇಲೆ ಅವು ಇಲ್ಲಿವೆ. ನಿಮಗೆ ಗೊತ್ತಲ್ಲ, ನಾವು ನಾಲ್ಕು ಜನ ಸೇರಿದರೆ ಐದನೆಯವನಿಗೆ ಶಾಲು ಹೊದಿಸದೆ ಬಿಡುವುದಿಲ್ಲ. ಹೊದಿಸುವ ಮೊದಲು ಅವನ ಗುಣಗಾನಕ್ಕೆ ಒಬ್ಬ ಬೇಕು. ಅವನು ನಾನು. ಔಷಧ ಕಾರ್ಖಾನೆಯಲ್ಲಿ ಮಾತ್ರೆಗಳ ಗುಣ ಪರೀಕ್ಷಿಸುವವನಿಗೆ ಮನುಷ್ಯರ ಗುಣವೂ ತಿಳಿದಿರುತ್ತದೆ ಎಂದು ಕೂಟದವರ ನಂಬಿಕೆ.

ನಾನು ಹೀಗೆ ಹೊಗಳಿದವರಲ್ಲಿ ರುಂಡಾ ಬಡಾವಣೆಯ ಜರ್ಮನ್ ಮುದುಕರೊಬ್ಬರಿದ್ದರು. ಇಲ್ಲಿ ಹಿರಿಯರನ್ನು ಕರೆಯುವ ಹಾಗೆ ನಾವೂ ಅವರನ್ನು ಮ್ಜೀ ಎನ್ನುತ್ತಿದ್ದೆವು. ಪ್ರತಿ ವರ್ಷ ಗಣೇಶನ ಹಬ್ಬಕ್ಕೆ ತಮ್ಮ ತೋಟ ಬಿಟ್ಟುಕೊಡುತ್ತಿದ್ದರು. ಗಣಪತಿ ಕೂತ ಮೇಲೆ ತೋಟವೂ ದೇವಸ್ಥಾನವೇ ತಾನೆ, ನಾವು ಗೇಟಿನಲ್ಲೇ ಚಪ್ಪಲಿ ಬಿಡುತ್ತಿದ್ದೆವು. ಬಿಡುತ್ತಿದ್ದೆವು ಎನ್ನುವುದಕ್ಕಿಂತ ಎಸೆಯುತ್ತಿದ್ದೆವು. ನಾವು ಮಂಗಳಾರತಿಯಲ್ಲಿರುವಾಗ ಮ್ಜೀ ಊರುಗೋಲಿನ ತುದಿಯಿಂದ ಅವನ್ನು ತಳ್ಳಿ ಜೋಡಿ ಮಾಡಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲು ಕಟ್ಟುತ್ತಿದ್ದರು. ಸಾಲು ಮುಗಿದಾಗ ಕೊನೆಯ ಜೋಡಿಯನ್ನು ಕೋಲಿನಿಂದ ಎರಡು ಸಲ ತಟ್ಟುತ್ತಿದ್ದರು. ನನ್ನ ಹೆಂಡತಿಗೆ ಅವರೆಂದರೆ ಬಹಳ ಗೌರವ, ನನ್ನನ್ನು ತಿದ್ದಲು ಅವರ ಉದಾಹರಣೆ ಒದಗುತ್ತಿತ್ತು. ಒಂದು ವರ್ಷ ಶಾಲು ಹೊದಿಸಿ ಮೈಸೂರು ಪೇಟ ತೊಡಿಸಿದೆವು. ಪೇಟ ಹುಬ್ಬಿನವರೆಗೆ ಜಾರಿದರೂ ಅವರು ನೆಟ್ಟಗೆ ನಿಂತಿದ್ದರು.

ಆಮೇಲೆ ಮ್ಜೀ ಕಣ್ಣಿನ ಚಿಕಿತ್ಸೆಗೆಂದು ಜರ್ಮನಿಗೆ ಹೋದರು. ಅಲ್ಲೇ ಅವರನ್ನು ಬಂಧಿಸಿದರು. ಹುಡುಗಪ್ರಾಯದಲ್ಲಿ ನಾಜಿಗಳ ಸೆರೆಶಿಬಿರವೊಂದಕ್ಕೆ ಸೇರಿ, ಬೇಗ ಬೇಗ ಬಡ್ತಿ ಪಡೆದು, ರೈಲಿನಲ್ಲಿ ಬಂದಿಳಿದವರನ್ನು ನಿಲ್ಲಿಸುವ ಅಂಗಳದ ಅಧಿಕಾರಿಯಾಗಿದ್ದರಂತೆ. ಬಂದವರೆಲ್ಲ ಅಲ್ಲಿ ಬೂಟು ಬಿಚ್ಚಬೇಕಿತ್ತು. ಮತ್ತೆ ಹಾಕಿಕೊಂಡವರು ಕಡಿಮೆ. ಯುದ್ಧ ಮುಗಿದ ಮೇಲೆ ಅವರು ಹೆಸರು ಬದಲಿಸಿ ಕೀನ್ಯಾಕ್ಕೆ ಬಂದು ಚಹಾ ಕಾರ್ಖಾನೆಗಳಿಗೆ ಯಂತ್ರ ಮಾರಿದ್ದರು.

ಕೋರ್ಟಿನಲ್ಲಿ ಮ್ಜೀ, ತಾನು ಅಡುಗೆಮನೆಯ ಗುಮಾಸ್ತ, ಅಂಗಳಕ್ಕೆ ಕಾಲೇ ಇಟ್ಟಿಲ್ಲ ಎಂದರು. ಅಲ್ಲವೆನ್ನಲು ಉಳಿದಿದ್ದವಳು ಒಬ್ಬಳೇ ಅಜ್ಜಿ. ಅಲ್ಲಿ ತಾಯಿಯನ್ನೂ ತಮ್ಮನನ್ನೂ ಕಳೆದುಕೊಂಡಾಗ ಅವಳು ಚಿಕ್ಕ ಹುಡುಗಿ. ಕೋರ್ಟು ಅವಳನ್ನು ನಂಬುತ್ತದೆಯೇ ಇಲ್ಲವೇ ಎಂಬುದರ ಮೇಲೆ ಇಡೀ ಮೊಕದ್ದಮೆ ನಿಂತಿತ್ತು.

ಮ್ಜೀಯ ವಕೀಲರು ನಮ್ಮ ಕೂಟಕ್ಕೆ ಫೋನ್ ಮಾಡಿ, ಅವರ ಒಳ್ಳೆಯತನದ ಬಗ್ಗೆ ಯಾರಾದರೂ ಹೇಳಬೇಕು ಎಂದರು. ಎಲ್ಲರೂ ನನ್ನನ್ನು ನೋಡಿದರು. ನಮ್ಮ ಚಪ್ಪಲಿ ಜೋಡಿಸಿದ ಮನುಷ್ಯ ಅಂಥವನೆಂದು ನನಗಂತೂ ನಂಬಿಕೆಯಿರಲಿಲ್ಲ. ಹೊರಡುವಾಗ ಹೆಂಡತಿ, "ರೀ, ಕಣ್ಣಾರೆ ಏನ್ ನೋಡಿದೀರೋ ಅಷ್ಟೇ ಹೇಳಿ. ಭಾಷಣ ಎಲ್ಲಾ ಬೇಡ," ಎಂದಳು.

ಇಲ್ಲೇ ನೈರೋಬಿ ಪೇಟೆಯ ವಕೀಲರೊಬ್ಬರ ಆಫೀಸಿನಲ್ಲಿ, ಪರದೆಯ ಮೇಲೆ ಜರ್ಮನಿಯ ಕೋರ್ಟನ್ನು ನೋಡುತ್ತ, ಕ್ಯಾಮೆರಾದ ಮುಂದೆ ಕೂತು ಭಾಷಣವನ್ನೇ ಮಾಡಿದೆ. ತೋಟದ ಕಥೆ, ಗಣಪತಿಯ ಕಥೆ ಹೇಳಿ, ಅವರ ವಾತ್ಸಲ್ಯಕ್ಕೆ ಪುರಾವೆಯಾಗಿ ಚಪ್ಪಲಿ ಸಾಲಿಗೆ ಬಂದೆ. ಕೋಲಿನ ತುದಿ, ಜೋಡಿ, ದೊಡ್ಡದರಿಂದ ಚಿಕ್ಕದು. ದುಭಾಷಿ ನಡುವೆ ತಡವರಿಸಿದ. ಮೆಚ್ಚಿಗೆ ಇರಬೇಕೆಂದುಕೊಂಡು, ಕೊನೆಯ ಜೋಡಿಯನ್ನು ತಟ್ಟುವುದನ್ನು ಪೆನ್ನಿನಿಂದ ಮೇಜಿನ ಮೇಲೆ ತೋರಿಸಿದೆ. ನ್ಯಾಯಾಧೀಶರು ಇನ್ನೊಮ್ಮೆ ತೋರಿಸಲು ಹೇಳಿದರು. ತೋರಿಸಿದೆ.

ಹಿಂದಿನ ದಿನ ಆ ಅಜ್ಜಿ ಅಂಗಳದ ಬೂಟುಗಳ ಬಗ್ಗೆ ಇದನ್ನೇ ಹೇಳಿದ್ದಳು, ಒಂದನ್ನೂ ಬಿಡದೆ. ಮಗುವಿನ ಕಲ್ಪನೆ ಎಂದು ಮ್ಜೀಯ ವಕೀಲರು ತಳ್ಳಿಹಾಕಿದ್ದರು. ನನಗೆ ಅದೊಂದೂ ಗೊತ್ತಿರಲಿಲ್ಲ. ಪರದೆಯ ಮೂಲೆಯಲ್ಲಿ ಅವಳು ಕುರ್ಚಿ ಹಿಡಿದು ಎದ್ದು ನಿಂತು ಏನೋ ಹೇಳಿದಳು. ದುಭಾಷಿ ಅದನ್ನು ನನಗೆ ತಿಳಿಸಿದ.

"ಕೊನೆಯ ಜೋಡಿ ನನ್ನ ತಮ್ಮನದು."

ಮ್ಜೀ ಅಪರಾಧಿ ಎಂದು ತೀರ್ಪಾಯಿತು. ನಾನು ಮಾಡಿದ ಭಾಷಣಗಳಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೊಂದೇ. ನಾಚಿಕೆಯೂ ದುಃಖವೂ ಬೆರೆತು ಬಹಳ ದಿನ ಉಳಿದವು.

ಈ ವರ್ಷದ ಸನ್ಮಾನ ಕಿಲೆಲೆಶ್ವಾದ ಇಂಜಿನಿಯರೊಬ್ಬರಿಗೆ. ಬಹಳ ಒಳ್ಳೆಯವರು ಎಂದು ಕೂಟದಲ್ಲಿ ಎಲ್ಲರೂ ಹೇಳುತ್ತಾರೆ. ಇರಬಹುದು. ನಾಳೆ ಅವರು ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು ಹೋಗಿ, ಅವರ ಅಡುಗೆಯವಳನ್ನು ಮಾತಾಡಿಸಿಕೊಂಡು ಬರುತ್ತೇನೆ.